ಟರ್ಬೊ ಗಾಡಿಯ ಧೂಪ

ಮೈಸೂರಿನ ವೀರರಾಜಪ್ಪನವರು ತಮ್ಮ ಹಳೆಯ ಜಪಾನಿ ಟರ್ಬೊ ವ್ಯಾಗನ್ ಮಾರಲು ಹೊರಟಿದ್ದರು. "ಹಡಗಲ್ಲಿ ಬಂದ ಗಾಡಿ! ಬಾನೆಟ್ ಎತ್ತೋ ಹಾಗಿಲ್ಲ, ಮೆಕ್ಯಾನಿಕ್ ಕರೆಯೋ ಹಾಗಿಲ್ಲ. ನನ್ನ ಮಾತೇ ಗ್ಯಾರಂಟಿ," ಎಂದು ಮೀಸೆ ತಿರುವಿದರು.

ಕೊಳ್ಳಲು ಬಂದಿದ್ದವರು ಹೆರಿಗೆಗೆಂದು ಹಳ್ಳಿಹಳ್ಳಿ ಸುತ್ತುವ ಡಾಕ್ಟರಮ್ಮ. ದಾರಿಯಲ್ಲಿ ಕೈಕೊಡುವ ಗಾಡಿ ಅವರಿಗಾಗದು. ಅವರು ತಮ್ಮ ಡ್ರೈವರ್ ಚೆಲುವಯ್ಯನ ಮುಖ ನೋಡಿದರು.

ಚೆಲುವಯ್ಯ ಭಕ್ತಿಯಿಂದ ಬಾನೆಟ್ ಮುಟ್ಟಿ ನಮಸ್ಕರಿಸಿದ. ಕಾದ ಹೆಂಚಿನಂತೆ ಸುಟ್ಟಿತು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗ ತೋರಿಸುವುದಿಲ್ಲವೆಂದು ಅವನಿಗೆ ಗೊತ್ತು.

"ಪೂಜೆ ಮಾಡದೆ ನಾವು ಗಾಡಿ ಹತ್ತಲ್ಲ ಬುದ್ಧಿ. ಬಿಸಿ ಗಾಡಿಗೆ ಪೂಜೆ ನಡೆಯಲ್ಲ," ಎಂದು ಚಕ್ರದಡಿ ನಿಂಬೆಹಣ್ಣಿಟ್ಟು ನೆರಳಲ್ಲಿ ಕೂತುಬಿಟ್ಟ.

ಮೂರು ಗಂಟೆ ಕಳೆಯಿತು. ವೀರರಾಜಪ್ಪನವರು ಚಡಪಡಿಸಿದರು. "ಒಂದ್ಸಲ ಸ್ಟಾರ್ಟ್ ಮಾಡಿಡ್ಲೇನಯ್ಯಾ?"

"ಅಯ್ಯಯ್ಯೋ, ನಿಂಬೆಹಣ್ಣು ಇಟ್ಟಾಗಿದೆ! ಗಾಡಿ ಮುಟ್ಟಬಾರದು."

ಕೊನೆಗೆ ಚೆಲುವಯ್ಯ ಕುಂಕುಮ ಹಚ್ಚಿ ಕೀಲಿ ತಿರುಗಿಸಿದ. ಗಾಡಿ ನಾಲ್ಕು ಸಲ ಕೆಮ್ಮಿ, ಅಂಗಳದ ತುಂಬ ನೀಲಿ ಹೊಗೆ ಉಗುಳಿತು. ವೀರರಾಜಪ್ಪನವರ ಮೀಸೆಯೂ ಕಾಣಲಿಲ್ಲ.

ಚೆಲುವಯ್ಯ ಕೆಳಗಿಳಿದು ಕೈಮುಗಿದ. "ಧೂಪ ತರೋದು ಮರೆತಿದ್ದೆ ಬುದ್ಧಿ. ಗಾಡೀನೇ ಹಾಕಿಬಿಡ್ತು. ಪೂಜೆ ಮುಗೀತು, ನಾವಿನ್ನು ಬರ್ತೀವಿ."