ಕನ್ನಡಿಯಲ್ಲಿ ಕಾಣದ್ದು

"ಕೇಳಿರಯ್ಯಾ ಕೇಳಿ. ಹುಲಿಗಾಲದ ದೊರೆ ಮರಿಯರಸರ ಅಪ್ಪಣೆ. ಅವರ ಮಗಳು ಹೊನ್ನಾಜಿ ಅಮ್ಮಣ್ಣಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ."

ಡಂಗುರದವನು ಬೀದಿಬೀದಿಯಲ್ಲಿ ಸಾರಿದ. ಒಬ್ಬರೂ ತಲೆ ಎತ್ತಲಿಲ್ಲ. ಆ ನಾಡಿನಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಮಾಯಗನ್ನಡಿ ಇತ್ತು, ಕಡಲಾಚೆಯ ವರ್ತಕರು ತಂದು ಮಾರಿದ್ದು. ಎಲ್ಲೋ ನಡೆಯುವ ಆನೆಕಾಳಗ, ಯಾರದೋ ಮದುವೆ, ಇನ್ಯಾರದೋ ಜಗಳ ಎಲ್ಲ ಅದರಲ್ಲಿ ಕಾಣುತ್ತಿತ್ತು. ಕೇಳಿದ್ದಕ್ಕೆ ಉತ್ತರವನ್ನೂ ಹೇಳುತ್ತಿತ್ತು. ಡಂಗುರದವನು ಮನೆಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರೂ ಜನ ಅವನನ್ನು ಕನ್ನಡಿಯಲ್ಲೇ ನೋಡಿದರು.

ಕಿವಿಯಿಂದ ಕೇಳಿಸಿಕೊಂಡವನು ಜವರ ಒಬ್ಬನೇ. ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುವುದು ಅವನ ಕಸುಬು. ಎರಡೂ ಕೈಗೆ ಕೆಲಸ, ಕಣ್ಣಿಗೆ ಕಲ್ಲಿನ ಚೂರು ಹಾರುವ ಭಯ. ಕನ್ನಡಿ ಹಿಡಿಯುವುದಾದರೂ ಯಾವಾಗ? ಮೊದಲೆಲ್ಲ ಅವನು ಅಡುಗೆಮನೆಯಲ್ಲಿ ಕೂತು ಕಲ್ಲು ಕುಟ್ಟುತ್ತಿದ್ದರೆ ಮನೆಯ ಹೆಂಗಸರು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ, ಮೇಲಿನೂರಿನ ಸುದ್ದಿ ಕೇಳಿ, ಒಂದು ಮುದ್ದೆ ಇಕ್ಕಿ ಕಳಿಸುತ್ತಿದ್ದರು. ಈಗ ಒಂದೇ ಮನೆಯ ನಾಲ್ವರು ನಾಲ್ಕು ಗೋಡೆಗೆ ಒರಗಿ ಕನ್ನಡಿ ನೋಡುತ್ತಾ ಕೂತಿರುತ್ತಿದ್ದರು. ಜವರ ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. ಅವನಿಗೆ ಹೆತ್ತವರಿಲ್ಲ, ಒಡಹುಟ್ಟಿದವರಿಲ್ಲ. ಕೆಲವು ದಿನ ತನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ಉಳಿಯ ಜೊತೆಗೇ ಮಾತಾಡಿ ನೋಡುತ್ತಿದ್ದ.

ಹಾಗಾಗಿ ಡಂಗುರ ಕೇಳಿದಾಗ ಅವನ ಮನಸ್ಸಿಗೆ ಬಂದದ್ದು ಅರ್ಧ ರಾಜ್ಯವಲ್ಲ. ಅರಮನೆಗೆ ಹೋದರೆ ಒಬ್ಬರು ತನ್ನನ್ನು ಮೂರು ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ತಲೆ ಹೋದರೆ ಅಳುವವರು ಹೇಗೂ ಇಲ್ಲ. ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಅರಮನೆಯಲ್ಲಿ ಅವನಿಗಿಂತ ಮೊದಲೇ ಮೂವರು ಬಂದಿದ್ದರು. ಸಿಂಹಾಸನದಲ್ಲಿ ದೊರೆ, ಪಕ್ಕದಲ್ಲಿ ಹೊನ್ನಾಜಿ. ಬಡಕಲು ಮುಖ, ಕಣ್ಣ ಕೆಳಗೆ ಕಪ್ಪು, ಮಡಿಲಲ್ಲಿ ಚಿನ್ನದ ಕಟ್ಟಿನ ಕನ್ನಡಿ. ದಾದಿಯೊಬ್ಬಳು ಅವಳ ಬಾಯಿಗೆ ಪಾಯಸ ಇಡುತ್ತಿದ್ದಳು. ನುಂಗಿದ್ದು ಏನೆಂದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಕನ್ನಡಿಯಿಂದ ಕಣ್ಣು ತೆಗೆಯದೆಯೇ ಮೊದಲ ಒಗಟು ಹೇಳಿದಳು.

"ಅದು ಇದ್ದರೆ ತಂಗಳೂ ರುಚಿ, ಇಲ್ಲದಿದ್ದರೆ ಪಾಯಸವೂ ಸಪ್ಪೆ. ಉಣ್ಣುವ ಮೊದಲು ಬಂದು, ಉಂಡ ಮೇಲೆ ಹೋಗುತ್ತದೆ. ಏನದು?"

ಮೊದಲನೆಯವನು, ಒಬ್ಬ ರಾಜಕುಮಾರ, ಅಂಗಿಯ ತೋಳಿನೊಳಗಿನ ಕನ್ನಡಿಯನ್ನು ಕೇಳಿ, ಉಪ್ಪು ಎಂದ. ಪಾಯಸಕ್ಕೆ ಉಪ್ಪು ಹಾಕುವ ಮನೆ ಯಾವುದೋ! ಅವನನ್ನು ಸೆರೆಗೆ ಎಳೆದುಕೊಂಡು ಹೋದರು. ಎರಡನೆಯವನೂ ಉಪ್ಪು ಎಂದ. ಕಣ್ಣೆದುರಿಗೇ ಮೊದಲಿನವನನ್ನು ಎಳೆದುಕೊಂಡು ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ, ಪಾಪ, ಕನ್ನಡಿ ನೋಡುತ್ತಿದ್ದ. ಮೂರನೆಯವನು ಮಂತ್ರಿಯ ಮಗ, ಸ್ವಲ್ಪ ಜಾಣ. ಬಹಳ ಯೋಚಿಸಿ ತಾಯಿಯ ಕೈ ಎಂದ. ಉಂಡ ಮೇಲೆ ತಾಯಿ ಎಲ್ಲಿಗೆ ಹೋಗುತ್ತಾಳೆ ಎಂದು ಹೊನ್ನಾಜಿ ಕೇಳಿದ್ದಕ್ಕೆ ತೊದಲಿದ. ಅವನೂ ಸೆರೆಗೆ ಹೋದ.

ಸಾಯುವುದಕ್ಕೆ ಹೆದರುವುದಿಲ್ಲ ಎಂದುಕೊಂಡಿದ್ದ ಜವರನಿಗೆ ಈಗ ಹೆದರಿಕೆಯಾಯಿತು.

"ಅದು ಹಸಿವು, ಅಮ್ಮಣ್ಣಿ" ಎಂದ. "ಹೊತ್ತು ಹೊತ್ತಿಗೆ ಅದು ಬಾಗಿಲು ತಟ್ಟುತ್ತೆ. ಕಣ್ಣು ಬೇರೆ ಕಡೆ ಇದ್ರೆ ತಟ್ಟಿದ್ದು ಕೇಳ್ಸಲ್ಲ, ಆಮೇಲೆ ತಟ್ಟೋದನ್ನೇ ಬಿಟ್ಬಿಡುತ್ತೆ."

ಹೊನ್ನಾಜಿ ಎರಡನೆಯದನ್ನು ಹೇಳಿದಳು. "ಹಂಸತೂಲಿಕಾ ತಲ್ಪ ಹಾಸಿ ಕರೆದರೂ ಬಾರದು. ಕರೆಯದಿದ್ದರೂ ಬರಿನೆಲಕ್ಕೆ ಬರುತ್ತದೆ. ಬಂದದ್ದನ್ನು ಕಂಡವರಿಲ್ಲ."

"ಅದು ನಿದ್ದೆ. ದಿನವೆಲ್ಲ ಕಲ್ಲು ಕುಟ್ಟಿದೋನಿಗೆ ಅದನ್ನ ಕರೆಯೋ ಕೆಲ್ಸವೇ ಇಲ್ಲ. ಮಲಗೋ ಹೊತ್ನಲ್ಲೂ ಲೋಕವನ್ನೆಲ್ಲ ಹಾಸಿಗೆಗೆ ಕರ್ಕೊಂಡ್ರೆ ಅದಕ್ಕೆ ಜಾಗ ಎಲ್ಲಿದೆ?"

ಸಭೆಯಲ್ಲಿ ಒಂದಿಬ್ಬರು ಕನ್ನಡಿ ಕೆಳಗಿಟ್ಟು ನೋಡಿದರು. ಹೊನ್ನಾಜಿಯ ದನಿ ಸಣ್ಣದಾಯಿತು.

"ಈ ಕನ್ನಡಿಯಲ್ಲಿ ಲೋಕವೆಲ್ಲ ಕಾಣುತ್ತದೆ. ಆದರೂ ಏನೋ ಒಂದು ಇದರಲ್ಲಿ ಕಾಣುವುದಿಲ್ಲ. ಅದಿಲ್ಲದೆ ನನಗೆ ಎದೆ ಖಾಲಿ ಅನ್ನಿಸುತ್ತದೆ. ಅದೇನೆಂದು ನನಗೂ ಗೊತ್ತಿಲ್ಲ. ಆದರೆ ಯಾರಾದರೂ ತಪ್ಪು ಹೇಳಿದರೆ ಅದು ತಪ್ಪೆಂದು ತಿಳಿಯುತ್ತದೆ."

ಜವರ ತಾನು ಹೊಕ್ಕು ಬಂದ ಮನೆಗಳನ್ನೆಲ್ಲ ನೆನೆದ. ನಾಲ್ಕು ಗೋಡೆ, ನಾಲ್ಕು ಕನ್ನಡಿ. ಉತ್ತರ ಅವನಿಗೆ ತಿಳಿದಿತ್ತು. ತಿಳಿದದ್ದಕ್ಕೇ ಕಣ್ಣು ತುಂಬಿತು.

"ಪಕ್ಕದಲ್ಲಿ ಕೂತಿರೋರು" ಎಂದ. "ತಿರುಗಿ ನೋಡಿ, ಅಮ್ಮಣ್ಣಿ."

ಹೊನ್ನಾಜಿ ಕನ್ನಡಿ ಕೆಳಗಿಟ್ಟು ಪಕ್ಕಕ್ಕೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಅಪ್ಪಾಜಿ, ನಿಮ್ಮ ತಲೆಗೂದಲು ಯಾವಾಗ ಬೆಳ್ಳಗಾಯಿತು?"

"ಮೂರು ವರ್ಷವಾಯಿತು, ಮಗಳೇ" ಎಂದ ದೊರೆ. ಸಭೆಯ ನಡುವೆಯೇ ಅತ್ತುಬಿಟ್ಟ.

ನನ್ನಿಂದ ಕಳೆದುಹೋದ ಮೂರನ್ನೇ ಒಗಟು ಮಾಡಿದ್ದೆ, ಯಾರಾದರೂ ಹೆಸರು ಹಿಡಿದು ಕರೆದರೆ ಬಂದಾವು ಎಂಬ ಆಸೆಯಿತ್ತು ಎಂದು ಅವಳು ಹೇಳಿಕೊಂಡಳು. ದೊರೆ ಅರ್ಧ ರಾಜ್ಯದ ಪತ್ರ ಬರೆಸಲು ಹೊರಟ. ಜವರ ಮೊದಲು ಸೆರೆಯಲ್ಲಿದ್ದ ಮೂವರನ್ನು ಬಿಡಿಸಿದ. ಮದುವೆಯ ಮಾತು ಆಮೇಲೆ ಇರಲಿ, ಅಮ್ಮಣ್ಣಿಯವರಿಗೆ ತಾನು ಯಾರೆಂದೇ ಗೊತ್ತಿಲ್ಲ; ಈವತ್ತು ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ, ಅಷ್ಟು ಸಾಕು ಎಂದ.

ಅರಮನೆಯ ಬೀಸುವ ಕಲ್ಲು ಸವೆದು ಹೋಗಿತ್ತು. ಜವರ ಕುಟ್ಟಿಕೊಟ್ಟ. ಹೊನ್ನಾಜಿ ತಾನೇ ಕೂತು ರಾಗಿ ಬೀಸಿದಳು, ಎರಡು ಸಲ ಕೈ ಸೋತು ನಿಲ್ಲಿಸಿದಳು. ಮಧ್ಯಾಹ್ನ ಮುದ್ದೆಯೂ ಸೊಪ್ಪಿನ ಸಾರೂ ಬಂದಾಗ ಯಾರೂ ತುತ್ತಿಡದೆ ತಾನೇ ಉಂಡಳು. ಇನ್ನೊಂದು ಅರ್ಧ ಮುದ್ದೆ ಕೇಳಿದಾಗ ದಾದಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಂಡಾದ ಮೇಲೆ, ನೀನು ಯಾವ ಯಾವ ಊರು ತಿರುಗಿದ್ದೀಯೆ, ಹೇಳು ಎಂದು ಕೇಳಿದಳು. ಜವರ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡದ್ದೆಲ್ಲ ಒಂದೊಂದಾಗಿ ಬಂತು. ಎರಡನೆಯ ಊರಿನ ಸುದ್ದಿ ಮುಗಿಯುವಷ್ಟರಲ್ಲಿ ಹೊನ್ನಾಜಿ ತಂದೆಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ದೊರೆ ಅಲುಗಾಡದೆ ಕೂತ. ಜವರ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ಅವನಿಗೆ ಬೇಸರವಾಗಲಿಲ್ಲ. ನಾಳೆ ಎದ್ದು, ಮುಂದೇನಾಯಿತು ಎಂದು ಕೇಳುವವರು ಒಬ್ಬರಿದ್ದರು.