ಬರೆಯಲು ಬಾರದವನ ಹಿಂಬರಹ

ಗುಮಾಸ್ತ ಹಾಲಪ್ಪ ಹತ್ತು ವರ್ಷದಿಂದ ಸಾಹೇಬರ ಪತ್ರಗಳನ್ನೆಲ್ಲ ಬರೆದುಕೊಟ್ಟವನು. ಸಾಹೇಬರದು ಓದದೆ ಸಹಿ ಹಾಕುವ ಕೆಲಸ. ಆದರೂ ಅವನು ಅರ್ಜಿ ಹಾಕಿದ್ದ ಬಡ್ತಿ ಸಾಹೇಬರ ಷಡ್ಡಕನ ಪಾಲಾಯಿತು. ಸಾಲದ್ದಕ್ಕೆ, "ನಿಮ್ಮ ಅರ್ಜಿ ತಿರಸ್ಕರಿಸಿ ನೀವೇ ಒಂದು ಹಿಂಬರಹ ಬರೆದು ತನ್ನಿ. ಕಾರಣ ಏನಾದರೂ ಹಾಕಿ" ಎಂದರು.

ಹಾಲಪ್ಪ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ ಬರೆದ: "ಅರ್ಜಿದಾರರಿಗೆ ಪತ್ರ ಬರೆಯಲು ಬಾರದು." ಸಹಿ ಬಿತ್ತು.

ಮರುದಿನ ಮೇಲಿನ ಕಚೇರಿಗೆ ತುರ್ತು ಉತ್ತರ ಹೋಗಬೇಕಿತ್ತು. ಬರೆಯಲು ಹೇಳಿದರೆ ಷಡ್ಡಕ ಸೂರು ನೋಡಿದ. ಹಾಲಪ್ಪ ಕೈಕಟ್ಟಿ ನಿಂತ. "ನನಗೆ ಬರೆಯೋಕೆ ಬರಲ್ಲ ಸಾರ್. ತಾವೇ ಸಹಿ ಹಾಕಿದ್ದೀರಿ."

ಸಾಹೇಬರು ಆಗ ಹಿಂಬರಹ ಓದಿದರು. ಬೆವರೊರೆಸಿಕೊಂಡು, "ತಪ್ಪಾಯ್ತು ಕಣ್ರೀ. ಇದನ್ನ ರದ್ದು ಮಾಡಿ ಇನ್ನೊಂದು ಬರೆದುಕೊಡಿ" ಎಂದರು.

ಹಾಲಪ್ಪ ಪೆನ್ನನ್ನು ಅವರ ಮುಂದಿಟ್ಟ. "ಅದಕ್ಕೂ ಬರೆಯೋಕೆ ಬರಬೇಕಲ್ಲ ಸಾರ್! ಈ ಸಲ ತಾವು ಬರೀರಿ. ನಾನು ಓದದೆ ಸಹಿ ಹಾಕ್ತೀನಿ."