ನರಿ ಬಿಗಿದ ಮಡಕೆ

ಒಂದು ಕಾಡಿನಲ್ಲಿ ಕೆಮ್ಮಣ್ಣಿನ ಇಳಿಜಾರು ಇತ್ತು. ಅದರ ತುಂಬ ದ್ರಾಕ್ಷಿ ಬಳ್ಳಿ. ಅಲ್ಲಿ ದ್ಯಾವಜ್ಜಿ ಎಂಬ ಮುದಿ ಕರಡಿ ತನ್ನ ಮಗ ಬೋರನ ಜೊತೆ ದ್ರಾಕ್ಷಾರಸ ಮಾಡಿಕೊಂಡು ಬದುಕುತ್ತಿದ್ದಳು. ಬಳ್ಳಿ ನೆಟ್ಟವಳು ಅವಳ ಅಜ್ಜಿ. ಹಣ್ಣು ತುಳಿದು, ರಸವನ್ನು ಮಡಕೆಗೆ ತುಂಬಿ, ಮಡಕೆಯನ್ನು ಕತ್ತಿನವರೆಗೆ ಅದೇ ಮಣ್ಣಿನಲ್ಲಿ ಹೂಳುವುದು ಆ ಮನೆಯ ಪದ್ಧತಿ. ಹಬ್ಬ ಬಂದರೆ ಇಡೀ ಕಾಡು ಅವರ ಬಾಗಿಲಿಗೇ ಬರುತ್ತಿತ್ತು.

ಇದನ್ನು ನೋಡಿ ಕೆಂಚ ಎಂಬ ನರಿಗೆ ಹೊಟ್ಟೆ ಉರಿಯಿತು. ಹೊಟ್ಟೆ ಉರಿದ ಮೇಲೆ ನರಿ ಸುಮ್ಮನಿದ್ದದ್ದು ಎಲ್ಲಾದರೂ ಉಂಟೇ? ನೆಟ್ಟಗೆ ಹುಲಿ ದೊರೆಯ ಬಳಿ ಹೋದ.

"ದೊರೆ, ಆ ಕರಡಿಗಳು ಮಡಕೆಯನ್ನು ಯಾಕೆ ಹೂಳ್ತಾರೆ? ಏನೋ ಬೆರೆಸ್ತಾರೆ, ಅದಕ್ಕೇ ಬಚ್ಚಿಡ್ತಾರೆ. ಆ ಇಳಿಜಾರು ನನಗೆ ಕೊಡಿ. ಅದಕ್ಕಿಂತ ಒಳ್ಳೆ ರಸ ನಾನು ಮಾಡ್ತೀನಿ."

ಹುಲಿಗೂ ಅನುಮಾನ ಹುಟ್ಟಿತು. "ಬರೋ ಹುಣ್ಣಿಮೆಗೆ ಇಬ್ಬರೂ ಒಂದೊಂದು ಮಡಕೆ ತನ್ನಿ. ಗೆದ್ದವರಿಗೆ ಇಳಿಜಾರು. ಸೋತವರು ಕಾಡು ಬಿಡಬೇಕು," ಎಂದ.

ಬಾಯಿ ಬಡಾಯಿ ಏನೋ ಆಯಿತು, ಆದರೆ ಕೆಂಚನಿಗೆ ರಸ ಮಾಡಲು ಎಲ್ಲಿ ಬರುತ್ತದೆ? ನಾಚಿಕೆ ಬಿಟ್ಟು ದ್ಯಾವಜ್ಜಿಯನ್ನೇ ಹೋಗಿ ಕೇಳಿದ. ಅವಳು ಕೂರಿಸಿಕೊಂಡು ಎಲ್ಲ ಹೇಳಿದಳು.

"ಹಣ್ಣು ತೊಳೀಬೇಡಪ್ಪ. ಸಿಪ್ಪೆ ಮೇಲಿನ ಬೂದಿಯಂಥ ಪುಡಿಯಿಂದಲೇ ರಸ ಹುದುಗೋದು. ಬೇರೆ ಏನೂ ಬೆರೆಸಬೇಡ. ಒಳಗೆ ಗುಳುಗುಳು ಸದ್ದು ನಿಲ್ಲೋವರೆಗೆ ಮಡಕೆ ಬಾಯಿ ಬಿಗೀಬೇಡ, ಎಲೆ ಮುಚ್ಚಿದರೆ ಸಾಕು." ಒಂದು ಬುಟ್ಟಿ ಹಣ್ಣನ್ನೂ ಕೊಟ್ಟು ಕಳಿಸಿದಳು.

ನರಿ ಅತ್ತ ಹೋಗುತ್ತಲೇ ಬೋರ ಸಿಡುಕಿದ. "ಅವ್ವ, ಅವನು ಬಂದಿದ್ದೇ ನಮ್ಮ ಮನೆ ಹಾಳು ಮಾಡೋಕೆ. ಅವನಿಗೆ ಯಾಕೆ ಹೇಳಿದೆ? ಸೋತರೆ ಎಲ್ಲಿಗೆ ಹೋಗೋಣ?"

"ನನಗೂ ಭಯ ಇದೆ ಮಗ. ಆದರೆ ಮನೆಗೆ ಬಂದು ಕೇಳಿದವರಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ," ಎಂದಳು ದ್ಯಾವಜ್ಜಿ. ಅಂದು ಬೋರನಿಗೆ ಊಟ ಸೇರಲಿಲ್ಲ.

ಇತ್ತ ಕೆಂಚನ ತಲೆಗೆ ಹುಳ ಹೊಕ್ಕಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ತಾನೇ! 'ವೈರಿಗೆ ಯಾರಾದರೂ ನಿಜ ಹೇಳ್ತಾರಾ? ಮುದುಕಿ ನನ್ನನ್ನ ಹಳ್ಳಕ್ಕೆ ಕೆಡವೋಕೆ ನೋಡ್ತಿದ್ದಾಳೆ. ಅವಳು ಬೇಡ ಅಂದದ್ದನ್ನೆಲ್ಲ ಮಾಡಬೇಕು,' ಅಂದುಕೊಂಡ. ಹಣ್ಣನ್ನು ತಿಕ್ಕಿ ತಿಕ್ಕಿ ತೊಳೆದ. ರಸಕ್ಕೆ ಜೇನು ಸುರಿದ. ಆ ರಸ ಬಹಳ ದಿನ ಸುಮ್ಮನಿತ್ತು. ಹುಣ್ಣಿಮೆ ಹತ್ತಿರ ಬಂದಾಗ ಒಳಗೆ ಗುಳುಗುಳು ಶುರುವಾಯಿತು.

ಕೆಂಚ ಮಡಕೆಗೆ ಕಿವಿಯಿಟ್ಟ. 'ಒಳಗೆ ಯಾರೋ ಇದ್ದಾರೆ. ರಸ ಕುಡಿಯಲಿ ಅಂತ ಕರಡಿಗಳು ಕಪ್ಪೆ ಬಿಟ್ಟಿದ್ದಾರೆ. ಮುದುಕಿ ಬಾಯಿ ಬಿಗೀಬೇಡ ಅಂದದ್ದು ಇದಕ್ಕೇ. ಇರು, ಹೇಗೆ ಹೊರಗೆ ಬರ್ತೀಯೋ ನೋಡೋಣ,' ಎಂದು ಮಡಕೆಯ ಬಾಯಿಗೆ ಜೇಡಿಮಣ್ಣು ಮೆತ್ತಿದ. ಮೇಲೆ ನಾರಿನ ಹಗ್ಗ ಸುತ್ತಿ ಬಿಗಿದ. ಆಮೇಲೆ ಅಲ್ಲೇ ಕಾವಲು ಕೂತ.

ಹುಣ್ಣಿಮೆಯ ದಿನ ಎರಡು ಮಡಕೆಗಳೂ ಹುಲಿಯ ಗವಿಯ ಮುಂದೆ ಬಂದವು. ಹುಲಿಗೆ ಇನ್ನೂ ಅನುಮಾನ. ದ್ಯಾವಜ್ಜಿಯ ರಸವನ್ನು ಮೊದಲು ಬೋರನಿಗೇ ಕುಡಿಸಿದ. ಅವನಿಗೆ ಏನೂ ಆಗಲಿಲ್ಲ ಎಂದು ಕಂಡಮೇಲೆ ತಾನೂ ಕುಡಿದ, ಮೀಸೆ ನೆಕ್ಕಿಕೊಂಡ. ಆಮೇಲೆ ಕೆಂಚನ ಮಡಕೆಯತ್ತ ಬಗ್ಗಿದ. ಕೆಂಚ ಹಗ್ಗಕ್ಕೆ ಕೈ ಹಾಕಿದ್ದೇ ತಡ, ಮಡಕೆ ಢಮ್ಮೆಂದು ಒಡೆಯಿತು. ರಸವೆಲ್ಲ ದೊರೆಯ ಮುಖಕ್ಕೆ ಹಾರಿತು. ಒಂದು ಚೂರು ಕೆಂಚನ ಹಣೆಗೆ ಬಡಿದು ಬುಗುಟು ಎದ್ದಿತು.

"ಇದು ಆ ಮುದುಕಿಯ ಮೋಸ ದೊರೆ," ಎಂದು ಕೆಂಚ ಊಳಿಟ್ಟ.

"ಇವನಿಗೆ ಏನು ಹೇಳಿಕೊಟ್ಟೆ ಅಜ್ಜಿ?" ಹುಲಿ ಗುರುಗುಟ್ಟಿದ.

"ಹಣ್ಣು ತೊಳೀಬೇಡ, ಏನೂ ಬೆರೆಸಬೇಡ, ಬಾಯಿ ಬಿಗೀಬೇಡ ಅಂದಿದ್ದೆ ದೊರೆ."

ಹುಲಿ ಕೆಂಚನ ಕಡೆ ತಿರುಗಿದ. "ಹಾಗೆ ಹೇಳಿದ್ದು ನಿಜವೇನೋ?"

"ನಿಜ ದೊರೆ," ಎಂದ ಕೆಂಚ. "ಅದಕ್ಕೇ ಬಿಗಿದೆ."

ಇಡೀ ಕಾಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಂಚ ಬಾಲ ಮುದುರಿಕೊಂಡು ಅಂದೇ ಕಾಡು ಬಿಟ್ಟ. ಇಳಿಜಾರು ಉಳಿಯಿತಲ್ಲ ಎಂದು ಬೋರ ತಾಯಿಯ ಭುಜಕ್ಕೆ ತಲೆಯಿಟ್ಟು ಅತ್ತೇಬಿಟ್ಟ.

ನೀತಿ: ಮೋಸದಲ್ಲೇ ಬದುಕುವವನಿಗೆ ನಿಜವನ್ನು ಕೈಗೇ ಕೊಟ್ಟರೂ ದಕ್ಕುವುದಿಲ್ಲ.